ಐನಿಯ ಮಣ್ಣಿನ ಸಾಬೂನು, ನನ್ನ ರಟ್ಟಿನ ಡಬ್ಬ

ಹೋದ ತಿಂಗಳು ಸ್ಯಾನ್ ಹೊಸೆಯಲ್ಲಿ ಒಂದು ನಾಮಕರಣದ ಊಟಕ್ಕೆ ಹೋಗಿದ್ದೆ. ಹಾಸನದ ಕಡೆಯ ಹುಡುಗಿಯೊಬ್ಬಳು ಪಕ್ಕದಲ್ಲಿ ಬಂದು ಕೂತಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧ ಕಂಪನಿಯೊಂದರ ಲ್ಯಾಬಿಗೆ ಆಗಷ್ಟೇ ಸೇರಿದ್ದಳು.

"ಆಂಟಿ, ನೀವು ಇಪ್ಪತ್ನಾಲ್ಕು ವರ್ಷ ಇದೇ ಕೆಲ್ಸ ಮಾಡಿದ್ರಂತಲ್ಲ. ನಂಗೆ ಒಂದೇ ಒಂದು ಟಿಪ್ ಕೊಡಿ."

"ರಟ್ಟಿನ ಡಬ್ಬ ಒಳಗೆ ತರಬೇಡ," ಅಂದೆ.

ಅವಳು ನಕ್ಕಳು. "ಅದು ಟ್ರೈನಿಂಗಲ್ಲೇ ಹೇಳ್ತಾರೆ ಆಂಟಿ!"

ಹೌದು, ಹೇಳುತ್ತಾರೆ. ನಮ್ಮ ಲ್ಯಾಬಿನಲ್ಲಿ ಆ ಟ್ರೈನಿಂಗು ಕೊಡುತ್ತಿದ್ದವಳೇ ನಾನು. ಆದರೂ ಡಬ್ಬ ಒಳಗೆ ತಂದೆ. ಅದನ್ನು ಅವಳಿಗೆ ಅಲ್ಲಿ ಹೋಳಿಗೆ ತಿನ್ನುತ್ತಾ ಹೇಳಲು ಆಗಲಿಲ್ಲ. ಡಬ್ಬದ ಕತೆ ಹೇಳಬೇಕಾದರೆ ಐನಿಯ ಕತೆ ಹೇಳಬೇಕು, ಮತ್ತು ಐನಿ ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಅರ್ಥವಾಗದ್ದನ್ನು ಬರೆದರೆ ಸ್ವಲ್ಪವಾದರೂ ತಿಳಿಯಾದೀತು ಎಂದು ಬರೆಯುತ್ತಿದ್ದೇನೆ.

ನನ್ನ ಹೆಸರು ಜಯಮ್ಮ. ಮಂಡ್ಯದ ಕಡೆಯವಳು. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನ ಮುಂದೆ ನಿಲ್ಲುತ್ತಿದ್ದ. ಅವ್ವನದು ಹೆಬ್ಬೆಟ್ಟು. ನಮ್ಮ ಎರಡೂ ಕಡೆಯ ವಂಶದಲ್ಲಿ ಡಿಗ್ರಿ ಪಡೆದ ಮೊದಲ ಜೀವ ನಾನು, ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮೈಸೂರಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂಎಸ್ಸಿ ಮಾಡುವಾಗ ಎರಡು ಸೀರೆಯಲ್ಲಿ ಎರಡು ವರ್ಷ ಕಳೆದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆರು ವರ್ಷ ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸಿ, ಸಂಜೆ ಹೊತ್ತು ಕಾಲೇಜಿಗೆ ಹೋಗಿ, ಆಮೇಲೆ ಲ್ಯಾಬಿನ ಬಾಗಿಲು ಕಂಡೆ. ಬಾಗಿಲ ಮೇಲಿನ ಪಟ್ಟಿಯಲ್ಲಿ ನನ್ನ ಹೆಸರು 'ಜಯಾ' ಆಯಿತು. ಅಮ್ಮ ಬಿಟ್ಟುಹೋಯಿತು.

ನಮ್ಮ ಕೆಲಸ ಏನೆಂದರೆ, ಔಷಧ ತಯಾರಾಗುವ ಕೋಣೆಯಲ್ಲಿ ಕ್ರಿಮಿ ಇದೆಯೋ ಇಲ್ಲವೋ ನೋಡುವುದು. ಅಂಗೈಯಗಲದ ಪ್ಲೇಟುಗಳಲ್ಲಿ ಕ್ರಿಮಿಗಳಿಗೆ ಇಷ್ಟವಾದ ಗಂಜಿಯಂಥದ್ದನ್ನು ಹಾಕಿ ಆ ಕ್ಲೀನ್ ರೂಮಿನಲ್ಲಿ ತೆರೆದಿಡುತ್ತೇವೆ, ನೆಲಕ್ಕೆ ಗೋಡೆಗೆ ಒತ್ತುತ್ತೇವೆ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತೇವೆ. ಏನಾದರೂ ಇದ್ದರೆ ಚುಕ್ಕೆಯಾಗಿ ಬೆಳೆಯುತ್ತದೆ. ಈಗ ಕ್ಯಾಮೆರಾ ಚುಕ್ಕೆ ಎಣಿಸುತ್ತದೆ. ನಾನು ಸೇರಿದಾಗ ಪ್ಲೇಟಿನ ಹಿಂಬದಿಗೆ ಮಾರ್ಕರಿನಿಂದ ಒಂದೊಂದೇ ಬೊಟ್ಟಿಟ್ಟು ಎಣಿಸುತ್ತಿದ್ದೆವು. ನಮ್ಮವ್ವ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಹಾಗೆ, ಕತ್ತು ಬಗ್ಗಿಸಿ.

ನನ್ನ ಮೊದಲ ಮೇಲಧಿಕಾರಿ ಚೀನಾ ಮೂಲದ ಹಿರಿಯ ಹೆಂಗಸು. ಮೊದಲ ವಾರವೇ ಒಂದು ಅಂಕಿ ತಪ್ಪು ಬರೆದು, ಶಾಲೆಯಲ್ಲಿ ಕಲಿತಂತೆ ಅದನ್ನು ಕಪ್ಪಾಗುವವರೆಗೆ ಗೀಚಿ ಪಕ್ಕದಲ್ಲಿ ಸರಿ ಅಂಕಿ ಬರೆದೆ. ಅವರು ಪುಸ್ತಕವನ್ನು ನನ್ನ ಮುಂದಿಟ್ಟು, "ಇದರ ಕೆಳಗೆ ಏನಿತ್ತು?" ಅಂದರು. "ತಪ್ಪು ಮೇಡಂ." "ಎಂಥ ತಪ್ಪು? ನನಗೆ ಕಾಣುತ್ತಿಲ್ಲವಲ್ಲ." ಆಮೇಲೆ ತೋರಿಸಿಕೊಟ್ಟರು. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು. ಕೆಳಗಿನದು ಓದಲು ಬರುತ್ತಿರಬೇಕು. ಪಕ್ಕದಲ್ಲಿ ನಿನ್ನ ಸಹಿ, ತಾರೀಕು, ಕಾರಣ. "ಇಲ್ಲಿ ತಪ್ಪು ಮಾಡಬಹುದು, ಮುಚ್ಚಬಾರದು" ಅಂದರು. ಹುಡುಗಿಯರೇ, ಟಿಪ್ ಬೇಕಾದರೆ ನಿಜವಾದದ್ದು ಇದು.

ಐನಿ ಬಂದದ್ದು ನಾನು ಆ ಗುಂಪಿನ ಹಿರಿಯಳಾದ ಮೇಲೆ. ಪೂರ್ತಿ ಹೆಸರು ನೂರಾಯಿನಿ. ಮಲೇಷ್ಯಾದ ಪೆರಾಕ್ ಕಡೆಯ ಒಂದು ಸಣ್ಣ ಊರಿನ ಮಲಯ್ ಹೆಂಗಸು, ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಮೊದಲ ದಿನ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಆ ಕೈಗಳನ್ನು ತನ್ನ ಎದೆಗೆ ತಂದುಕೊಂಡಳು. ನಮ್ಮ ಮ್ಯಾನೇಜರು ಗ್ರೆಗ್ ಕೈ ಚಾಚಿದಾಗ ತನ್ನ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಸ್ವಲ್ಪ ಬಾಗಿದಳು. ಎಷ್ಟು ನಯವಾಗಿ ಬಾಗಿದಳೆಂದರೆ, ಕೈ ಹಿಂದಕ್ಕೆ ಹೋದದ್ದು ಗ್ರೆಗ್‌ಗೇ ಗೊತ್ತಾಗಲಿಲ್ಲ. ಯಾವುದನ್ನಾದರೂ ತೋರಿಸಬೇಕಾದರೆ ತೋರುಬೆರಳು ಚಾಚುತ್ತಿರಲಿಲ್ಲ. ಮುಷ್ಟಿ ಮಡಿಸಿ ಹೆಬ್ಬೆರಳಿನಿಂದ ತೋರಿಸುತ್ತಿದ್ದಳು. ಬೆರಳು ತೋರಿಸುವುದು ಅವರಲ್ಲಿ ಒರಟುತನವಂತೆ.

ಎರಡನೇ ವಾರ ಕೇಳಿದಳು: "ನಿಮ್ಮನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಬರುತ್ತಿಲ್ಲ. ಕಾಕ್ ಅನ್ನಲೇ? ನಮ್ಮಲ್ಲಿ ಅಕ್ಕನಿಗೆ ಹಾಗನ್ನುತ್ತೇವೆ."

ಆ ಕಟ್ಟಡದಲ್ಲಿ ದೊಡ್ಡ ಸಾಹೇಬರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಹೆಸರು ಮಾತ್ರ. ಎಷ್ಟೋ ವರ್ಷದ ಮೇಲೆ ಯಾರೋ ನನ್ನನ್ನು ಅಕ್ಕ ಅಂದರು. "ಅನ್ನು ಮಗಾ," ಅಂದೆ, ಕನ್ನಡದಲ್ಲೇ.

ಅವಳು ಕಟ್ಟುನಿಟ್ಟಿನವಳೋ ಸಡಿಲದವಳೋ ಎಂಬುದು ನನಗೆ ಮೊದಲಿನಿಂದಲೂ ಗೊಂದಲ. ತಲೆವಸ್ತ್ರ ಬಿಡುತ್ತಿರಲಿಲ್ಲ. ಆದರೆ ಮನೆಯ ಬಟ್ಟೆ ಕ್ಲೀನ್ ರೂಮಿಗೆ ಬರುವಂತಿಲ್ಲ ಎಂದಾಗ ಒಂದು ಮಾತೂ ಆಡದೆ, ಹೆಂಗಸರ ಕೋಣೆಯಲ್ಲಿ ಅದನ್ನು ತೆಗೆದು ಲ್ಯಾಬಿನ ಮುಸುಕು ಹಾಕಿಕೊಂಡು ಬಂದಳು. ನಾನು ಮೊದಲ ಸಲ ಕುಂಕುಮ ಅಳಿಸಿ ಬಳೆ ತೆಗೆಯಬೇಕಾದಾಗ ಅರ್ಧ ದಿನ ಅತ್ತಿದ್ದೆ. ನಮಾಜು ತಪ್ಪಿಸುತ್ತಿರಲಿಲ್ಲ, ಆದರೆ ಪ್ಲೇಟು ಓದುವ ಹೊತ್ತಿಗೆ ಅಡ್ಡ ಬರದ ಹಾಗೆ ಹೊಂದಿಸಿಕೊಳ್ಳುತ್ತಿದ್ದಳು. ಕ್ರಿಸ್‌ಮಸ್ ಪಾರ್ಟಿಗೆ ಬಂದು ನಿಂಬೆ ಪಾನಕ ಹಿಡಿದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಒಂದು ಸಲ ಕೇಳಿಯೇಬಿಟ್ಟೆ. "ನೀನು ಯಾವ ಥರದ ಮುಸ್ಲಿಂ ಐನಿ? ಗಟ್ಟಿಯೋ, ಮೆತ್ತಗೋ?"

ಅವಳು ತುಂಬ ಹೊತ್ತು ನಕ್ಕಳು. "ಕಾಕ್, ಅನ್ನ ಗಟ್ಟಿಯಾದರೂ ತಿನ್ನಲಾಗದು, ಗಂಜಿಯಾದರೂ ಹೊಟ್ಟೆ ತುಂಬದು. ನಡುವೆ ಇರಬೇಕು ಅನ್ನುತ್ತಿದ್ದಳು ಅಜ್ಜಿ. ನಾನು ಇನ್ನೂ ಬೇಯುತ್ತಿದ್ದೇನೆ."

ಇದು ಉತ್ತರವೋ ಅಲ್ಲವೋ ನನಗೆ ತಿಳಿಯಲಿಲ್ಲ.

ನಮ್ಮಲ್ಲಿ ಜೀವಕೋಶ ಬೆಳೆಸುವ ಕೆಲಸವೂ ಇತ್ತು. ಬಾಟಲಿಯ ತಳಕ್ಕೆ ಅಂಟಿಕೊಂಡ ಕೋಶಗಳನ್ನು ಬಿಡಿಸಲು ಟ್ರಿಪ್ಸಿನ್ ಎಂಬ ದ್ರವ ಹಾಕುತ್ತೇವೆ. ಆಗ ನಾವು ಬಳಸುತ್ತಿದ್ದದ್ದು ಹಂದಿಯಿಂದ ತೆಗೆದದ್ದು. ಐನಿ ಬಂದ ಕೂಡಲೇ ನಾನು ಮಹಾ ಉದಾರಿಯ ಹಾಗೆ ಆ ಪಟ್ಟಿಯಿಂದ ಅವಳ ಹೆಸರು ತೆಗೆದೆ. ಕೇಳಲಿಲ್ಲ, ತೆಗೆದೆ ಅಷ್ಟೇ. "ನಿನಗೆ ಕಷ್ಟವಾಗಬಾರದು ಅಂತ" ಎಂದೆ. ಅವಳು "ಪರವಾಗಿಲ್ಲ ಕಾಕ್, ನಿಮ್ಮ ಮನಸ್ಸು ದೊಡ್ಡದು" ಅಂದಳು. ನಾನು ಮನೆಗೆ ಹೋಗಿ ಯಜಮಾನರ ಮುಂದೆ ನನ್ನ ದೊಡ್ಡ ಮನಸ್ಸನ್ನು ಹೊಗಳಿಕೊಂಡೆ.

ವರ್ಷದ ಕೊನೆಯಲ್ಲಿ ಗೊತ್ತಾಯಿತು. ಕೋಶದ ಕೆಲಸ ಬರದವರಿಗೆ ಕಂಪನಿಯಲ್ಲಿ ಕಾಯಂ ಕೆಲಸವಿಲ್ಲ. ಅವಳು ಗುತ್ತಿಗೆಯ ಮೇಲಿದ್ದಳು. ವೀಸಾ ಆ ಗುತ್ತಿಗೆಗೇ ಕಟ್ಟಿಕೊಂಡಿತ್ತು. ನನ್ನ ಉದಾರತನ ಅವಳ ಒಂದು ವರ್ಷ ತಿಂದಿತ್ತು.

"ಯಾಕೆ ಹೇಳಲಿಲ್ಲ ನೀನು? ಮುಟ್ಟಲು ಆಗುತ್ತದೆ ಅಂತ ಒಂದು ಮಾತು?"

"ನೀವು ಅಷ್ಟು ಪ್ರೀತಿಯಿಂದ ತೆಗೆದಿರಿ. ತಿನ್ನೋದು ಬೇರೆ, ಮುಟ್ಟೋದು ಬೇರೆ. ಕೈಗವಸು ಇದೆ. ಮನಸ್ಸಿಗೆ ಬೇಕಾದರೆ ತೊಳೆದುಕೊಳ್ಳುವ ರೀತಿಯೂ ನಮ್ಮಲ್ಲಿದೆ." ಆಗ ತೋರಿಸಿದಳು, ಲಾಕರಿನಲ್ಲಿದ್ದ ಕಂದು ಬಣ್ಣದ ಒಂದು ಸಾಬೂನು. ಮಣ್ಣು ಬೆರೆಸಿದ್ದು. ಹಂದಿಯದೇನಾದರೂ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣಿನಿಂದ. ಊರಿನಿಂದ ಅವಳ ತಾಯಿ ಕಳಿಸಿದ್ದು.

ಫರೀದಾ ಅಲ್ಲೇ ಇದ್ದಳು. ಅವಳು ಬೆಂಗಳೂರಿನ ಶಿವಾಜಿನಗರದವಳು, ನಮ್ಮ ಲ್ಯಾಬಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದ ಒಬ್ಬಳೇ ಒಬ್ಬಳು. ಐನಿ ಹೋದ ಮೇಲೆ ಫರೀದಾಳನ್ನು ಕೇಳಿದೆ.

"ಏನೇ ಇದು ಏಳು ಸಲ? ನೀನು ಯಾವತ್ತೂ ಹಿಂಗೆ ಮಾಡಿದ್ದು ನೋಡಿಲ್ಲ."

"ನಮ್ ಕಡೆ ಹಂಗಿಲ್ಲಕ್ಕ. ಚೆನ್ನಾಗಿ ತೊಳ್ಕೊಂಡ್ರೆ ಆಯ್ತು. ಅವ್ರ ಕಡೆ ಹಂಗೆ."

"ಹಂಗಾದ್ರೆ ಯಾರು ಸರಿ?"

"ನಾನೂ ಅವಳಿಗೆ ಅದನ್ನೇ ಕೇಳ್ದೆ. 'ನೀನೂ ಸರಿ, ನಾನೂ ಸರಿ, ಈಗ ಚಾ ಕುಡಿಯೋಣ' ಅಂದ್ಳು. ಜಗಳ ಆಡೋಕೂ ಬಿಡಲ್ಲ ಮಾರಾಯ್ತಿ."

ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಿದೆ. ಅವಳು ಕೋಶದ ಕೆಲಸ ಕಲಿತು, ಸಂಜೆ ಹೊರಗಿನ ಸಿಂಕಿನಲ್ಲಿ ಆ ಸಾಬೂನಿನಿಂದ ಕೈ ತೊಳೆದು ಮನೆಗೆ ಹೋಗುತ್ತಿದ್ದಳು. ಕಾಯಂ ಆಗುವ ಮಾತು ಮತ್ತೆ ಶುರುವಾಯಿತು.

ಪ್ರತಿ ವರ್ಷ ಅವರ ಹಬ್ಬಕ್ಕೆ, ಉಪವಾಸದ ತಿಂಗಳು ಮುಗಿದ ಮೇಲೆ, ಐನಿ ಮನೆ ಬಾಗಿಲು ತೆರೆದಿಡುತ್ತಿದ್ದಳು. ಗಂಡ, ಒಂದು ಮಗುವಿನ ಜೊತೆ ವಾಲ್ನಟ್ ಕ್ರೀಕಿನಲ್ಲಿ ಸಣ್ಣ ಅಪಾರ್ಟ್‌ಮೆಂಟು. ಯಾರು ಬೇಕಾದರೂ ಬರಬಹುದು, ಬಂದವರಿಗೆ ಊಟ. ಲ್ಯಾಬಿನವರೆಲ್ಲ ಹೋಗುತ್ತಿದ್ದೆವು. ಒಲೆಯ ಬಳಿ ಒಂದು ಪಾತ್ರೆ ಬೇರೆಯೇ ಇರುತ್ತಿತ್ತು. ಹಿಡಿಗೆ ಹಸಿರು ದಾರ ಕಟ್ಟಿದ್ದು.

"ಇದರಲ್ಲಿ ಇವತ್ತಿನವರೆಗೆ ತರಕಾರಿ ಬಿಟ್ಟು ಬೇರೇನೂ ಬೆಂದಿಲ್ಲ ಕಾಕ್. ನಮ್ಮ ಊರಿನಲ್ಲಿ ಪಕ್ಕದ ಮನೆ ತಮಿಳರದು. ಅವರಿಗೆ ಅಂತ ನಮ್ಮಮ್ಮ ಒಂದು ಪಾತ್ರೆ ಎತ್ತಿಟ್ಟಿದ್ದಳು. ಎದುರು ಮನೆ ಚೀನೀಯರು. ಅವರ ಹೊಸವರ್ಷಕ್ಕೆ ನಮಗೆ ಕಿತ್ತಳೆ ಹಣ್ಣು ಕೊಡುತ್ತಿದ್ದರು, ಬೇಯಿಸಿದ್ದು ಯಾವತ್ತೂ ಕಳಿಸಲಿಲ್ಲ. ಯಾರೂ ಯಾರನ್ನೂ ಕೇಳಿದವರಲ್ಲ. ನೋಡಿ ತಿಳಿದುಕೊಳ್ಳುತ್ತಿದ್ದರು." ಆಮೇಲೆ ಸ್ವಲ್ಪ ತಡೆದು, "ಎಲ್ಲ ಚಂದವೇ ಇತ್ತು ಅಂತಲ್ಲ. ಊರಲ್ಲಿ ಕೆಟ್ಟ ಮಾತೂ ಹುಟ್ಟುತ್ತಿತ್ತು. ಆದರೆ ಪಾತ್ರೆ ಬೇರೆ ಇತ್ತು" ಎಂದಳು.

ಹಸಿರು ದಾರದ ಪಾತ್ರೆಯಿಂದ ನನ್ನ ತಟ್ಟೆಗೆ ಹಲಸಿನಕಾಯಿ ಪಲ್ಯ ಬಡಿಸಿದಳು. ಅವಳಿಗೆ ಹಿಂದೂ ಹೆಂಗಸು ಎಂದರೆ ತರಕಾರಿ. ನಾನೋ ಮಂಡ್ಯದ ಗೌಡರ ಮನೆಯವಳು, ಬಾಡೂಟ ಅಂದರೆ ಹರದಾರಿ ನಡೆಯುವವಳು. ಪಕ್ಕದ ಪಾತ್ರೆಯಲ್ಲಿ ತೆಂಗಿನಹಾಲಿನಲ್ಲಿ ಇಂಗಿದ ಕೋಳಿ ಘಮಘಮ ಅನ್ನುತ್ತಿತ್ತು. ಅಷ್ಟು ಪ್ರೀತಿಯಿಂದ ಎತ್ತಿಟ್ಟ ಪಾತ್ರೆಯ ಮುಂದೆ ನಿಂತು 'ನಾನು ಕೋಳಿ ತಿಂತೀನಿ' ಅನ್ನಲು ಬಾಯಿ ಬರಲಿಲ್ಲ. ಮೊದಲ ವರ್ಷ ಬಾಯಿ ಬರದಿದ್ದರೆ ಎರಡನೇ ವರ್ಷ ಹೇಗೆ ಬರುತ್ತದೆ? ಯಜಮಾನರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ, ಅವರು ನೇರ ಕೋಳಿಯ ಹತ್ತಿರ ಹೋಗಿ ನಿಂತರು.

ಕಾರಿನಲ್ಲಿ ಅವರು ಕೆಣಕಿದರು. "ಏನಮ್ಮಿ, ಲಿಂಗ ಕಟ್ಕಂಡೆ ಯಾವಾಗ?"

"ಸುಮ್ಕಿರಿ. ಅವಳ ಮನಸ್ಸಿಗೆ ಬೇಜಾರಾಯ್ತದೆ."

ಹಿಂದಿನ ಸೀಟಿನಿಂದ ಮಗಳು ಸಿಂಧು, "ಅಮ್ಮಾ, ಜಸ್ಟ್ ಟೆಲ್ ಹರ್!" ಅಂದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ಎಲ್ಲವೂ ಜಸ್ಟ್.

ಇನ್ನು ಡಬ್ಬದ ವಿಷಯ.

ಹೊರಗಿನಿಂದ ಬಂದ ಸಾಮಾನನ್ನು ರಟ್ಟಿನ ಡಬ್ಬದಿಂದ ಹೊರಗೇ ಬಿಡಿಸಿ, ಒರೆಸಿ, ಪ್ಲಾಸ್ಟಿಕ್ ಬುಟ್ಟಿಯಲ್ಲಿ ಒಳಗೆ ತರಬೇಕು. ರಟ್ಟಿನಲ್ಲಿ ದೂಳು, ದೂಳಿನಲ್ಲಿ ಮಣ್ಣಿನ ಕ್ರಿಮಿ, ಅದರ ಬೀಜ ಸ್ಪಿರಿಟ್ಟಿಗೂ ಸಾಯುವುದಿಲ್ಲ. ಅದೊಂದು ರಜೆಯ ವಾರ. ಅರ್ಧ ಜನ ಇಲ್ಲ. ಹನ್ನೆರಡು ಡಬ್ಬ ಕೈಗವಸು ಬಂದು ಕಾರಿಡಾರಿನಲ್ಲಿ ಕೂತಿದ್ದವು, ಒಳಗೆ ಕೈಗವಸು ಮುಗಿದಿತ್ತು, ಗ್ರೆಗ್ ಗಂಟೆಗೊಂದು ಸಲ ಫೋನು. "ಒಳಗಿನ ಕೋಣೆಗೇ ತಂದುಬಿಡಿ, ಅಲ್ಲೇ ಬಿಡಿಸಿ ಒರೆಸೋಣ," ಅಂದೆ. ಐನಿ ಬಾಗಿಲ ಬಳಿ ನಿಂತಿದ್ದಳು. ಫರೀದಾ ಕೈಗಾಡಿ ಹಿಡಿದಿದ್ದಳು.

ಐನಿ ಹೆಬ್ಬೆರಳಿನಿಂದ ಡಬ್ಬಗಳನ್ನು ತೋರಿಸಿ, ತುಂಬ ಮೆಲ್ಲಗೆ ಹೇಳಿದಳು: "ಕಾಕ್, ಪಾಪ ಎಷ್ಟು ದೂರದಿಂದ ಬಂದಿವೆ ಇವು. ಹೊರಗೇ ಸ್ವಲ್ಪ ಕೂತು ದಣಿವಾರಿಸಿಕೊಂಡರೆ ಅವಕ್ಕೂ ಹಾಯಿ."

ನಾನು ಗಹಗಹಿಸಿ ನಕ್ಕೆ. "ಡಬ್ಬಕ್ಕೆ ಎಂಥ ಸುಸ್ತು ಮಗಾ! ಬಾ, ಕೈ ಹಾಕು." ಅವಳೂ ನಕ್ಕಳು. ಕೈ ಹಾಕಿದಳು.

ಮುಂದಿನ ವಾರ ಪ್ಲೇಟು ತೆರೆದರೆ, ಬಿಳಿ, ಒರಟು, ಅಂಚು ಹರಡಿದ ಚುಕ್ಕೆಗಳು. ಹೆಸರು ಹೇಳಬೇಕಾಗಿಯೇ ಇರಲಿಲ್ಲ. ಮಣ್ಣಿನ ಕ್ರಿಮಿ. ಆ ವಾರದ ಔಷಧವನ್ನೆಲ್ಲ ತಡೆಹಿಡಿದರು. ಅದನ್ನು ಕಾಯುತ್ತಿದ್ದ ರೋಗಿಗಳು ಎಲ್ಲೋ ಇದ್ದರು. ಈ ಕೆಲಸದಲ್ಲಿ ಅದನ್ನು ಮರೆಯಬಾರದು.

ಮೀಟಿಂಗಿನಲ್ಲಿ ಗ್ರೆಗ್ ಕೇಳಿದ: "ಕ್ಲೀನ್ ರೂಮಿಗೆ ಮಣ್ಣು ಎಲ್ಲಿಂದ ಬಂತು? ಯಾರಿಗಾದರೂ ಏನಾದರೂ ಹೊಳೆಯುತ್ತದೆಯೇ?"

ನನಗೆ ಹೊಳೆಯಿತು. ಹೊಳೆದದ್ದನ್ನು ಬಾಯಿಯಲ್ಲಿ ಇಟ್ಟುಕೊಂಡು ಗೊತ್ತಿಲ್ಲದವಳು ನಾನು. ಮಂಡ್ಯದವರ ಮಾತು ನೇರ ಎಂದು ಹೆಮ್ಮೆ ಬೇರೆ. "ಐನಿಯ ಲಾಕರಿನಲ್ಲಿ ಮಣ್ಣಿನ ಸಾಬೂನಿದೆ," ಅಂದೆ. ದ್ವೇಷವಿಲ್ಲ, ಕೇಡು ಬಯಸಿದ್ದಲ್ಲ. ಮಣ್ಣು ಎಂದರು, ಮಣ್ಣು ಕಂಡಿತ್ತು, ಹೇಳಿದೆ. ಡಬ್ಬ ನೆನಪಿಗೇ ಬರಲಿಲ್ಲ. ಇದನ್ನು ಈಗ ಬರೆಯುವಾಗಲೂ, ನಿಜವಾಗಿ ಬರಲಿಲ್ಲವೋ ಅಥವಾ ಬರದ ಹಾಗೆ ನೋಡಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ.

ಐನಿ ಕೈಯನ್ನು ಎದೆಯ ಮೇಲಿಟ್ಟುಕೊಂಡಳು. "ಇದೆ. ಹೊರಗಿನ ಲಾಕರಿನಲ್ಲಿ. ದಯವಿಟ್ಟು ಪರೀಕ್ಷೆ ಮಾಡಿ." ಅಷ್ಟೇ. ಬೇರೆ ಒಂದು ಅಕ್ಷರ ಆಡಲಿಲ್ಲ.

ಮೀಟಿಂಗು ಮುಗಿದು ಹೊರಗೆ ಬರುವಾಗ ಬಾಗಿಲು ಹಿಡಿದುಕೊಂಡು ನನಗೆ ದಾರಿ ಬಿಟ್ಟಳು. "ನೀವು ಮೊದಲು, ಜಯಾ."

ಜಯಾ. ಗ್ರೆಗ್ ಕೇಳಿಸಿಕೊಂಡ, ಎಲ್ಲರೂ ಕೇಳಿಸಿಕೊಂಡರು. ಅವರಿಗೆ ಅದು ನನ್ನ ಹೆಸರು. ಕಪಾಳಕ್ಕೆ ಹೊಡೆದ ಹಾಗಾದದ್ದು ನನಗೊಬ್ಬಳಿಗೇ.

ವರದಿ ಬರೆಯುವ ಕೆಲಸ ನನ್ನದೇ. ಗ್ರೆಗ್‌ಗೆ ಶುಕ್ರವಾರದೊಳಗೆ ಬೇಕಿತ್ತು. "ಸಾಬೂನು ಅಂತ ಬರೆದು ಮುಗಿಸು. ಅವಳ ಗುತ್ತಿಗೆ ಈ ತಿಂಗಳು ಹೇಗೂ ನವೀಕರಣಕ್ಕೆ ಬಂದಿದೆ, ಮೇಲಿನವರು ನೋಡಿಕೊಳ್ಳುತ್ತಾರೆ," ಅಂದ. ನೋಡಿಕೊಳ್ಳುತ್ತಾರೆ ಎಂದರೆ ಏನು ಎಂದು ನನಗೆ ಗೊತ್ತಿತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ. ಅವಳ ಮಗು ಆಗ ಎರಡನೇ ಕ್ಲಾಸು. ಆದರೂ ಬರೆದೆ. 'ಸಂಭವನೀಯ ಕಾರಣ: ಸಿಬ್ಬಂದಿ ನೂರಾಯಿನಿಯವರ ಬಳಿಯಿದ್ದ ಮಣ್ಣು ಮಿಶ್ರಿತ ಸಾಬೂನು.' ಆ ಫಾರಮ್ಮು ಆಗಿನ್ನೂ ಕಾಗದದ್ದು, ನೀಲಿ ಪೆನ್ನಿನಲ್ಲಿ ತುಂಬಬೇಕು. ಅಕ್ಷರ ದುಂಡಗೆ ಬಂದಿತ್ತು.

ಗುರುವಾರ ಊಟದ ಹೊತ್ತಿನಲ್ಲಿ ಫರೀದಾ ನನ್ನೆದುರು ಬಂದು ಕೂತಳು. ಊಟದ ಡಬ್ಬಿ ತೆರೆಯಲಿಲ್ಲ.

"ಅಕ್ಕ, ಒಂದ್ ಮಾತು. ಐನಿ ನಿಮಗೆ ಡಬ್ಬ ಬೇಡ ಅಂತ ಹೇಳಿದ್ಳಲ್ಲ?"

"ಯಾವಾಗ ಹೇಳಿದ್ಳು? ಸುಳ್ಳು."

"ನಾನೇ ಗಾಡಿ ಹಿಡ್ಕೊಂಡಿದ್ನಲ್ಲ. ದಣಿವಾರಿಸ್ಕೊಳ್ಳಲಿ, ಹೊರಗೇ ಕೂತ್ಕೊಳ್ಳಲಿ ಅಂದ್ಳಲ್ಲ."

"ಅದು ತಮಾಷೆ ಕಣೇ!"

"ತಮಾಷೆ ಅಲ್ಲಕ್ಕ. ಅವ್ರಲ್ಲಿ ದೊಡ್ಡವರಿಗೆ ತಪ್ಪು ಅಂತ ಹೇಳೋದು ಹಂಗೇನೇ. ಅದಕ್ಕಿಂತ ಜೋರಾಗಿ ಹೇಳೋಕೆ ಅವಳಿಗೆ ಬರಲ್ಲ. ನಂಗೂ ಆಮೇಲೇ ಹೊಳೀತು."

ಎದ್ದು ಹೋಗಿ ಐನಿಯನ್ನು ಹುಡುಕಿದೆ. ಬೆಚ್ಚಗಿನ ಪೆಟ್ಟಿಗೆಯ ಮುಂದೆ ಪ್ಲೇಟು ಜೋಡಿಸುತ್ತಿದ್ದಳು.

"ಅವತ್ತು ಡಬ್ಬ ಒಳಗೆ ತರಬೇಡ ಅಂದೆಯಾ ನೀನು?"

ಅವಳು ಇನ್ನೊಂದು ಪ್ಲೇಟು ಕೈಗೆತ್ತಿಕೊಂಡಳು.

"ಹೌದೋ ಅಲ್ಲವೋ ಹೇಳು ಐನಿ!"

"ಅಂದೆ."

"ಮೀಟಿಂಗಿನಲ್ಲಿ ಯಾಕೆ ಬಾಯಿ ಬಿಡಲಿಲ್ಲ? ನಿನ್ನ ಕೆಲಸ ಹೋಗುತ್ತದೆ, ಗೊತ್ತಲ್ಲ?"

"ಗೊತ್ತು." ಕೈಯಲ್ಲಿದ್ದ ಪ್ಲೇಟನ್ನು ಕೆಳಗಿಟ್ಟಳು. "ಅಕ್ಕ ಅಂತ ಕರೆದವರ ಮುಖದ ನೀರನ್ನು ಎಲ್ಲರೆದುರು ಇಳಿಸಬಾರದು ಅನ್ನುತ್ತಾಳೆ ನಮ್ಮಮ್ಮ. ನಿಮಗೇ ನೆನಪಾಗುತ್ತದೆ ಅಂದುಕೊಂಡೆ. ಎರಡು ದಿನ ಕಾದೆ."

ನಮ್ಮೂರಿನಲ್ಲೂ ನೀರಿಳಿಸುವುದು ಎಂದೇ ಅನ್ನುತ್ತೇವೆ. ನಾನು ಅವಳ ನೀರನ್ನು ಎಲ್ಲರೆದುರು ಇಳಿಸಿದ್ದೆ, ಅವಳು ನನ್ನದನ್ನು ಇಳಿಸದೆ ನಿಂತಿದ್ದಳು. ಆದರೆ, ಇದನ್ನೂ ನೇರವಾಗಿ ಬರೆಯುತ್ತೇನೆ, ನನಗೆ ಆ ಕ್ಷಣ ನಾಚಿಕೆಗಿಂತ ಸಿಟ್ಟು ಹೆಚ್ಚು ಬಂತು. "ಇದು ಮದುವೆ ಮನೆಯಲ್ಲ ಐನಿ! ಇಲ್ಲಿ ಔಷಧ ತಯಾರಾಗುತ್ತದೆ. 'ಡಬ್ಬ ತರಬೇಡ ಮುದುಕಿ' ಅಂತ ಕಿರುಚಬೇಕಿತ್ತು ನೀನು."

"ಹೌದು," ಅಂದಳು. "ಅದು ನನ್ನ ತಪ್ಪು. ಅದನ್ನೂ ಬರೆಯಿರಿ."

ಅವಳು ನಿಜವಾಗಿ ಒಪ್ಪಿಕೊಂಡಳೋ, ಇಲ್ಲ ಇದೂ ನಯದ ಇನ್ನೊಂದು ಪದರವೋ, ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಡಬ್ಬಗಳು ಆಗಲೇ ಕಸಕ್ಕೆ ಹೋಗಿದ್ದವು, ಪರೀಕ್ಷೆಗೆ ಏನೂ ಉಳಿದಿರಲಿಲ್ಲ. ಶುಕ್ರವಾರ ಬೆಳಗ್ಗೆ ಸಾಬೂನಿನ ಫಲಿತಾಂಶ ಬಂತು. ಅದರಲ್ಲೂ ಮಣ್ಣಿನ ಕ್ರಿಮಿ ಇತ್ತು, ಆದರೆ ಬೇರೆ ಜಾತಿ. ಆದ್ದರಿಂದ ಸಾಬೂನಲ್ಲ ಎಂದು ಹೇಳಬಹುದಿತ್ತು, ಡಬ್ಬವೇ ಎಂದು ಸಾಧಿಸಲು ಬರುತ್ತಿರಲಿಲ್ಲ. ಗ್ರೆಗ್ ಇದನ್ನೇ ಹಿಡಿದುಕೊಂಡ. "ಖಚಿತವಿಲ್ಲದ ಮೇಲೆ ನೀನು ಯಾಕೆ ತಲೆ ಕೊಡುತ್ತೀಯ? ಕಾರಣ ಗೊತ್ತಾಗಲಿಲ್ಲ ಅಂತ ಹೊಸ ಫಾರಮ್ಮು ತುಂಬು. ಹಳೆಯದನ್ನು ಹರಿದು ಹಾಕು."

ಹೊಸ ಫಾರಮ್ಮು ಎಂದರೆ ಇಬ್ಬರೂ ಬಚಾವು. ಕೆಳಗಿನ ತಪ್ಪು ಯಾರಿಗೂ ಕಾಣುವುದಿಲ್ಲ. ಆದರೆ ಕಾರಣ ಗೊತ್ತಾಗಲಿಲ್ಲ ಎಂದರೆ ಮೀಟಿಂಗಿನಲ್ಲಿ ನಾನು ಹೇಳಿದ ಸಾಬೂನೇ ಎಲ್ಲರ ತಲೆಯಲ್ಲಿ ಉಳಿಯುತ್ತದೆ; ಗುತ್ತಿಗೆಯ ಕಾಗದದ ಮೇಲೆ ಕಾಣದಿದ್ದರೂ ಉಳಿಯುತ್ತದೆ. ಮೊದಲ ಮೇಲಧಿಕಾರಿಯ ಮುಖ ಕಣ್ಣ ಮುಂದೆ ಬಂತು. 'ಇದರ ಕೆಳಗೆ ಏನಿತ್ತು?'

ಹಳೆಯ ಫಾರಮ್ಮನ್ನೇ ತೆಗೆದೆ. ಐನಿಯ ಹೆಸರಿದ್ದ ಸಾಲಿನ ಮೇಲೆ ಸ್ಕೇಲಿಟ್ಟು ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ಸಹಿ, ತಾರೀಕು. ಕಾರಣ: 'ನನ್ನ ತಪ್ಪು ನಮೂದು.' ಕೆಳಗೆ ಬರೆದೆ: 'ಹೆಚ್ಚು ಸಂಭವನೀಯ ಕಾರಣ: ನನ್ನ ಆದೇಶದಂತೆ ರಟ್ಟಿನ ಡಬ್ಬಗಳನ್ನು ಒಳಗೆ ತರಲಾಯಿತು. ಸಿಬ್ಬಂದಿಯೊಬ್ಬರು ಎಚ್ಚರಿಸಿದ್ದರು. ನಾನು ಕೇಳಲಿಲ್ಲ.'

ನನಗೆ ಎಚ್ಚರಿಕೆಯ ಪತ್ರ ಬಂತು. ಇಪ್ಪತ್ತು ವರ್ಷದ ಮೇಲೆ, ನಾನೇ ಪಾಠ ಮಾಡುತ್ತಿದ್ದ ಕೋಣೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕೈ ತೊಳೆಯುವುದು ಹೇಗೆ ಎಂದು ಕಲಿತೆ. ಐನಿಯ ಗುತ್ತಿಗೆ ಉಳಿಯಿತು, ಮುಂದೆ ಕಾಯಂ ಆಯಿತು. ಆದರೆ ನಾನು ಕಲಿತ ವಿದ್ಯೆಯ ಒಂದು ತೊಡಕು ಆಮೇಲೆ ಗೊತ್ತಾಯಿತು. ಒಂದೇ ಗೆರೆಯ ಕೆಳಗಿನದು ಓದಲು ಬರುತ್ತದೆ. ಪ್ರತಿ ವರ್ಷ ತನಿಖೆಯವರು ಬಂದಾಗ ಆ ಫಾರಮ್ಮು ಹೊರಗೆ ಬರುತ್ತಿತ್ತು. ನನ್ನ ತಪ್ಪೂ ಕಾಣುತ್ತಿತ್ತು, ಗೆರೆಯಡಿಯಲ್ಲಿ ಅವಳ ಹೆಸರೂ ಕಾಣುತ್ತಿತ್ತು. ಹರಿದು ಹಾಕಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತೇ? ಯೋಚಿಸಿದಷ್ಟೂ ಗಂಟಾಗುತ್ತದೆ.

ಅದಾದ ಮೇಲೂ ಅವಳು ನನ್ನೊಡನೆ ಎಂದಿನಂತೆ ನಕ್ಕು ಮಾತಾಡಿದಳು. ಚಾ ತಂದುಕೊಟ್ಟಳು. ಆದರೆ ಜಯಾ ಎಂದೇ ಕರೆದಳು. ತಿಂಗಳುಗಟ್ಟಲೆ.

ಆ ವರ್ಷದ ಹಬ್ಬಕ್ಕೆ ಎಲ್ಲರಿಗೂ ಹೋಗುವ ಒಂದೇ ಇಮೇಲಿನಲ್ಲಿ ನನಗೂ ಕರೆ ಬಂತು. ನನ್ನನ್ನು ಕರೆದದ್ದೋ, ಎಲ್ಲರ ಜೊತೆ ಬಂದದ್ದೋ? ಹೋಗುವುದೋ ಬೇಡವೋ ಎಂದು ಸೀರೆ ಉಟ್ಟು ಅರ್ಧ ಗಂಟೆ ಸೋಫಾದ ಮೇಲೆ ಕೂತಿದ್ದೆ. "ನೀನು ಬರದಿದ್ರೆ ಬಿಡು, ನಾ ಹೋಯ್ತೀನಿ, ಕೋಳಿ ಕಾಯ್ತಾ ಅದೆ," ಎಂದು ಯಜಮಾನರು ಕಾರಿನ ಕೀ ಆಡಿಸಿದರು.

ಮನೆ ತುಂಬ ಜನ. ಐನಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು, ಎದೆಗೆ ತಂದುಕೊಂಡಳು, ಒಲೆಯ ಬಳಿಗೆ ಕರೆದುಕೊಂಡು ಹೋದಳು. ಹಸಿರು ದಾರದ ಪಾತ್ರೆಯ ಮುಚ್ಚಳ ತೆಗೆದಳು. ಸೌಟು ಎತ್ತಿದಳು.

"ಐನಿ," ಅಂದೆ. "ನಾನು ಮಾಂಸ ತಿನ್ನುವವಳು. ಮೊದಲಿನಿಂದಲೂ."

ಸೌಟು ನಿಂತಿತು. "ಗೊತ್ತು. ಎರಡನೇ ವರ್ಷವೇ ನಿಮ್ಮ ಯಜಮಾನರು ನನ್ನ ಗಂಡನಿಗೆ ಹೇಳಿದರು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನೆ ಹಲಸಿನಕಾಯಿ ಹಾಕಿದೆ?"

"ನೀವು ಅಷ್ಟು ಪ್ರೀತಿಯಿಂದ ತಿನ್ನುತ್ತಿದ್ದಿರಿ."

ಅವಳು ನಗುತ್ತಿದ್ದಳೋ ಕೆಣಕುತ್ತಿದ್ದಳೋ, ಇಲ್ಲ ಒಂದು ಲೆಕ್ಕ ತೀರಿಸುತ್ತಿದ್ದಳೋ. ಆ ಸೌಟನ್ನು ಕೆಳಗಿಟ್ಟು, ಪಕ್ಕದ ಪಾತ್ರೆಯ ಬೇರೆ ಸೌಟು ತೆಗೆದುಕೊಂಡು, ನನ್ನ ತಟ್ಟೆಗೆ ಕೋಳಿ ಬಡಿಸಿದಳು. ಎರಡು ತುಂಡು. ಆಮೇಲೆ ಹೆಬ್ಬೆರಳಿನಿಂದ ತಟ್ಟೆ ತೋರಿಸಿ, "ಊಟ ಮಾಡಿ, ಕಾಕ್" ಎಂದಳು.

ಕಾರು ಫ್ರೀವೇ ಹತ್ತಿತು.

"ಒಲೆ ತಾವ ಏನಂದ್ಲು?" ಯಜಮಾನರು ಕೇಳಿದರು.

"ಊಟ ಮಾಡಿ ಕಾಕ್ ಅಂದ್ಲು."

"ಅಂಗಾದ್ರೆ ಸರಿಹೋಯ್ತಲ್ಲ ಬುಡು."

"ಮನೆಗ್ ಬಂದ ದೊಡ್ಡೋರ್ಗೆ ಯಾರಾದ್ರೂ ಅನ್ನೋದು ಅದ್ನೇ ಅಲ್ವಾ? ಮನ್ಸಿಂದ ಕಾಕ್ ಅಂದ್ಲೋ ಇಲ್ವೋ."

"ಕೇಳ್ಬೇಕಾಗಿತ್ತು ನೀನು."

"ಊಂ," ಅಂದೆ. ನಾನು ಜೀವಮಾನದಲ್ಲಿ ನೇರವಾಗಿ ಕೇಳದೆ ಬಂದ ಪ್ರಶ್ನೆ ಅದೊಂದೇ.